ನಡುಗಿದ್ದು ಭೂಕಂಪಕ್ಕೋ, ಸ್ಫೋಟಕ್ಕೋ? ಒಂದು ಗೆರೆ ನೋಡಿ ಹೇಳಬಹುದಾ?

ಪ್ರಶ್ನೆ: ನಮ್ಮ ಮನೆಯಿಂದ ಸುಮಾರು 9 ಕಿ.ಮೀ. ದೂರದಲ್ಲಿ ದೊಡ್ಡ ಕಲ್ಲು ಕ್ವಾರಿ ಇದೆ. ಹೋದ ತಿಂಗಳು ಒಂದು ದಿನ ಬೆಳಗ್ಗೆ 11.40ರ ಹೊತ್ತಿಗೆ ಮನೆ ಗಡಗಡ ಅಂದಿತು, ಕಿಟಕಿ ಗಾಜು ಸದ್ದು ಮಾಡಿತು. ಆಮೇಲೆ ಭೂಕಂಪಗಳ ಪಟ್ಟಿ ತೆರೆದು ನೋಡಿದರೆ, ಮ್ಯಾಗ್ನಿಟ್ಯೂಡ್ 2.4ರ ಭೂಕಂಪ, ಆಳ 10 ಕಿ.ಮೀ. ಅಂತ ಇತ್ತು. 60 ಕಿ.ಮೀ. ದೂರದ ಒಂದು ಸ್ಟೇಷನ್ನಿನ ದಾಖಲೆ ಡೌನ್‌ಲೋಡ್ ಮಾಡಿದೆ. ಮೊದಲ ಅಲೆ ಮೇಲಕ್ಕೆ ಹೋಗಿದೆ. ಮೇಲಕ್ಕೆ ಹೋದರೆ ಸ್ಫೋಟ ಅಂತ ಎಲ್ಲೋ ಓದಿದ್ದೆ. ಆದರೆ ಅದರ ಹಿಂದೆ ಬರುವ ಎಸ್ ಅಲೆಯೂ ಚೆನ್ನಾಗಿ ಕಾಣುತ್ತದೆ. ಸ್ಫೋಟದಲ್ಲಿ ಎಸ್ ಅಲೆ ಇರುವುದೇ ಇಲ್ಲ, ಆಳ ಬೇರೆ 10 ಕಿ.ಮೀ. ಇದೆ, ಹಾಗಾಗಿ ಕ್ವಾರಿಯದ್ದು ಅಲ್ಲವೇ ಅಲ್ಲ ಅಂತ ಸ್ನೇಹಿತರು ಹೇಳುತ್ತಾರೆ. ಇನ್ನು ಕೆಲವರು ಯಾರೋ ಗುಟ್ಟಾಗಿ ಬಾಂಬ್ ಪರೀಕ್ಷೆ ಮಾಡಿದ್ದಾರೆ ಅಂತ ಸುದ್ದಿ ಹಬ್ಬಿಸಿದ್ದಾರೆ. ಯಾವುದನ್ನು ನಂಬಲಿ? ಹೆದರಬೇಕಾ?

ಉತ್ತರ: ಒಂದೇ ಸ್ಟೇಷನ್ನಿನ ಒಂದೇ ದಾಖಲೆ ಇಟ್ಟುಕೊಂಡು ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ಅದೇ ಸ್ಟೇಷನ್ನಿನಲ್ಲಿ ಅದೇ ಕ್ವಾರಿಯ ಹಳೆಯ ಬ್ಲಾಸ್ಟಿಂಗ್‌ಗಳ ದಾಖಲೆ ಸಿಕ್ಕರೆ ಹೆಚ್ಚುಕಡಿಮೆ ಹೇಳಬಹುದು. ಇದು ನೆನಪಿರಲಿ, ಮುಂದೆ ನಾನು ಹೇಳುವುದೆಲ್ಲ ಇದರ ಸುತ್ತಲೇ ಬರುತ್ತದೆ. ನೀವು ಕೇಳಿಸಿಕೊಂಡ ಮೂರು ಸೂತ್ರಗಳಲ್ಲೂ ಒಂದಿಷ್ಟು ಸತ್ಯ ಇದೆ, ಆದರೆ ನಿಮ್ಮ ಪ್ರಕರಣದಲ್ಲಿ ಮೂರೂ ಕೈಕೊಡುತ್ತವೆ.

ನಿಮ್ಮ ಚಿಂತೆ ಅರ್ಥವಾಗುತ್ತದೆ. ಕ್ವಾರಿಯದ್ದಾದರೆ ಕೂತು ಮಾತಾಡಿ ಸರಿಪಡಿಸಿಕೊಳ್ಳಬಹುದಾದ ವಿಷಯ. ಭೂಕಂಪ ಅಂದರೆ ಹಾಗಲ್ಲ, ಕಾಲ ಕೆಳಗೆ ಎಲ್ಲೋ ಬಂಡೆ ಜರುಗಿದೆ, ನಾಳೆ ಇದಕ್ಕಿಂತ ದೊಡ್ಡದು ಬಂದರೆ ಏನು ಗತಿ ಅನ್ನುವ ಭಯ ಶುರುವಾಗುತ್ತದೆ.

ಮೊದಲು ಆ 10 ಕಿ.ಮೀ. ಆಳ ನೋಡೋಣ, ಯಾಕೆಂದರೆ ಜನ ಜಾಸ್ತಿ ಮೋಸ ಹೋಗುವುದು ಅಲ್ಲೇ. ಆಳ ಸರಿಯಾಗಿ ಗೊತ್ತಾಗಬೇಕಾದರೆ ನಡುಕ ಹುಟ್ಟಿದ ಜಾಗಕ್ಕೆ ತೀರಾ ಹತ್ತಿರ, ಹೆಚ್ಚುಕಡಿಮೆ ಆಳದಷ್ಟೇ ದೂರದಲ್ಲಿ, ಒಂದು ಸ್ಟೇಷನ್ನಾದರೂ ಇರಬೇಕು. 60, 80, 120 ಕಿ.ಮೀ. ದೂರದ ಸ್ಟೇಷನ್‌ಗಳು ಮಾತ್ರ ಇದ್ದಾಗ ಜಾಗ ಒಂದು ಮಟ್ಟಿಗೆ ಸಿಗುತ್ತದೆ, ಆಳ ಸಿಗುವುದಿಲ್ಲ. ಆಗ ವಿಶ್ಲೇಷಣೆ ಮಾಡುವವರು ಆಳಕ್ಕೆ ಒಂದು ಸಂಖ್ಯೆ ಕೂರಿಸಿ ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ಆ ಸಂಖ್ಯೆ ಬಹಳ ಕಡೆ 10, ಕೆಲವು ಕಡೆ 5, ಹಳೆಯ ಪಟ್ಟಿಗಳಲ್ಲಿ 33. ಅಂದರೆ ಅದು ಅಳೆದ ಆಳ ಅಲ್ಲ. ಪಟ್ಟಿಯ ಪೂರ್ತಿ ವಿವರ ತೆರೆದು ಆಳದ ಪಕ್ಕ ದೋಷದ ಅಂದಾಜು ಕೊಟ್ಟಿದ್ದಾರಾ ನೋಡಿ. ಅಂದಾಜು ಇಲ್ಲದಿದ್ದರೆ, ಅಥವಾ 'ಫಿಕ್ಸೆಡ್' ಅಂತ ಇದ್ದರೆ, ಆ 10ಕ್ಕೆ ಬೆಲೆ ಕೊಡಬೇಡಿ. ನಿಜವಾಗಿ ಅಳೆದ 10 ಕಿ.ಮೀ. ಆಗಿದ್ದರೆ ಮಾತ್ರ ಸ್ಫೋಟದ ಮಾತು ಅಲ್ಲಿಗೇ ಮುಗಿಯುತ್ತದೆ. ಮನುಷ್ಯ ಕೊರೆದ ಅತಿ ಆಳದ ಕೊಳವೆ ರಷ್ಯಾದ ಕೋಲಾದ್ದು, 12,262 ಮೀಟರ್, ಅದೂ ಗೇಣಗಲದ್ದು. ಅಷ್ಟು ಆಳಕ್ಕೆ ಹೋಗಿ ಯಾರೂ ಮದ್ದು ಇಡುವುದಿಲ್ಲ.

ಈಗ ಮೊದಲ ಅಲೆ ಮೇಲಕ್ಕೆ ಹೋಗಿದ್ದು. ಸ್ಫೋಟ ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಯಾವ ದಿಕ್ಕಿನ ಸ್ಟೇಷನ್ ನೋಡಿದರೂ ನೆಲದ ಮೊದಲ ಚಲನೆ ಹೊರಕ್ಕೆ, ಅಂದರೆ ದಾಖಲೆಯಲ್ಲಿ ಮೇಲಕ್ಕೆ. ಭೂಕಂಪದಲ್ಲಿ ಎರಡು ಬಂಡೆಗಳು ಅಂಗೈಗೆ ಅಂಗೈ ಉಜ್ಜಿದ ಹಾಗೆ ಒಂದರ ಪಕ್ಕ ಒಂದು ಜರುಗುತ್ತವೆ, ಜರುಗುವ ದಿಕ್ಕಿನಲ್ಲಿ ಮುಂದಿರುವ ನೆಲ ತಳ್ಳಿಸಿಕೊಳ್ಳುತ್ತದೆ, ಹಿಂದಿರುವುದು ಎಳೆಸಿಕೊಳ್ಳುತ್ತದೆ. ಸುತ್ತಲ ನೆಲವನ್ನು ನಾಲ್ಕು ಭಾಗ ಮಾಡಿದರೆ ಎದುರುಬದುರಿನ ಎರಡರಲ್ಲಿ ಮೇಲಕ್ಕೆ, ಉಳಿದ ಎರಡರಲ್ಲಿ ಕೆಳಕ್ಕೆ. ಹಾಗಾದರೆ ಒಂದೇ ಸ್ಟೇಷನ್ನಿನಲ್ಲಿ ಮೇಲಕ್ಕೆ ಹೋಗಿದ್ದರಿಂದ ಏನು ಗೊತ್ತಾಯಿತು? ಏನೂ ಇಲ್ಲ. ಭೂಕಂಪವಾಗಿದ್ದರೂ ಅಂಥ ಸಾಧ್ಯತೆ ಸುಮಾರು ಅರ್ಧದಷ್ಟು ಇದ್ದೇ ಇದೆ.

ಇದೇ ಸೂತ್ರ ತಿರುಗಿಸಿದರೆ ಗಟ್ಟಿ. ಒಂದು ಸ್ಟೇಷನ್ನಿನಲ್ಲಾದರೂ ಮೊದಲ ಚಲನೆ ಸ್ಪಷ್ಟವಾಗಿ ಕೆಳಕ್ಕೆ ಇದ್ದರೆ ಅದು ಬರೀ ಸ್ಫೋಟ ಅನ್ನುವುದು ಕಷ್ಟ. ಇಲ್ಲೂ ಎರಡು ಹುಷಾರಿ ಬೇಕು. ಬೇಡದ ಅಲುಗಾಟ ತೆಗೆಯಲು ನೀವು ಬಳಸಿದ ಫಿಲ್ಟರ್ 'ಜೀರೋ ಫೇಸ್' ಬಗೆಯದ್ದಾಗಿದ್ದರೆ, ಅಂದರೆ ದಾಖಲೆಯ ಮೇಲೆ ಮುಂದಕ್ಕೂ ಹಿಂದಕ್ಕೂ ಹಾಯುವಂಥದ್ದಾಗಿದ್ದರೆ, ಅದು ಅಲೆ ಬರುವ ಮೊದಲೇ ಸಣ್ಣ ಸುಳ್ಳು ಅಲುಗಾಟ ಸೇರಿಸುತ್ತದೆ, ಅದನ್ನೇ ಮೊದಲ ಚಲನೆ ಅಂದುಕೊಂಡು ಬೇಸ್ತು ಬೀಳುವವರು ತುಂಬಾ ಜನ. ದಿಕ್ಕು ನೋಡುವಾಗ ಫಿಲ್ಟರ್ ಹಾಕದ ದಾಖಲೆ ಇಟ್ಟುಕೊಳ್ಳಿ, ಹಾಕಲೇಬೇಕಾದರೆ ಒಂದೇ ದಿಕ್ಕಿನಲ್ಲಿ ಹಾಯುವ ಫಿಲ್ಟರ್ ಹಾಕಿ. ಇನ್ನೊಂದು, ಕೆಲವು ಸ್ಟೇಷನ್‌ಗಳಲ್ಲಿ ಸೆನ್ಸರ್ ವೈರು ತಲೆಕೆಳಗಾಗಿರುತ್ತದೆ, ಮೇಲೆ ಹೋದದ್ದು ಕೆಳಗೆ ಕಾಣುತ್ತದೆ. ದೂರದ ಒಂದು ದೊಡ್ಡ ಭೂಕಂಪದ ದಾಖಲೆಯನ್ನು ಅಕ್ಕಪಕ್ಕದ ಸ್ಟೇಷನ್‌ಗಳ ಜೊತೆ ಹೋಲಿಸಿದರೆ ಇದು ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡಿದರೂ 2.4ರಂಥ ಸಣ್ಣ ನಡುಕದಲ್ಲಿ ಮೊದಲ ಚಲನೆ 60 ಕಿ.ಮೀ. ದೂರಕ್ಕೆ ಬರುವಷ್ಟರಲ್ಲಿ ಹಿನ್ನೆಲೆಯ ಗದ್ದಲದೊಳಗೆ ಮುಳುಗಿರಬಹುದು.

ಎಸ್ ಅಲೆಯ ವಿಷಯಕ್ಕೆ ಬರುತ್ತೇನೆ. ಪುಸ್ತಕದ ಸ್ಫೋಟದಲ್ಲಿ, ಅಂದರೆ ಎಲ್ಲ ಕಡೆ ಒಂದೇ ಥರ ಇರುವ ಬಂಡೆಯ ನಡುವೆ ಒಂದು ಚೆಂಡಿನಾಕಾರದ ಸ್ಫೋಟದಲ್ಲಿ, ಎಸ್ ಅಲೆ ಇರುವುದಿಲ್ಲ. ಎಸ್ ಅಂದರೆ ಅಡ್ಡಡ್ಡ ಅಲುಗಾಟ, ಹೊರಕ್ಕೆ ತಳ್ಳುವ ಬಲ ಅದನ್ನು ಹುಟ್ಟಿಸುವುದಿಲ್ಲ. ಆದರೆ ನಿಜವಾದ ನೆಲ ಹಾಗಿಲ್ಲ ಅಲ್ವಾ? ಪಿ ಅಲೆ, ಅಂದರೆ ಎಲ್ಲಕ್ಕಿಂತ ಮೊದಲು ಬರುವ ತಳ್ಳಿ ಎಳೆಯುವ ಅಲೆ, ಮೇಲಕ್ಕೆ ಹೋಗಿ ನೆಲದ ಮೇಲ್ಮೈಗೆ ತಾಗಿದಾಗ ಅದರ ಒಂದು ಪಾಲು ಎಸ್ ಆಗಿ ಬದಲಾಗುತ್ತದೆ. ಬಂಡೆಯ ಬಿರುಕು, ಪದರಗಳಿಗೆ ತಾಗಿ ಇನ್ನಷ್ಟು ಬದಲಾಗುತ್ತದೆ. ಬಂಡೆ ಒಡೆಯುವಾಗ, ಅದರೊಳಗೆ ಮೊದಲೇ ಕೂಡಿಕೊಂಡಿದ್ದ ಒತ್ತಡ ಸಡಿಲವಾಗುವಾಗಲೂ ಎಸ್ ಹುಟ್ಟುತ್ತದೆ. ಕ್ವಾರಿಯಲ್ಲಂತೂ ಬಂಡೆಯ ಗೋಡೆಯನ್ನು ಒಂದು ಕಡೆಗೆ ಎಸೆಯುವುದೇ ಬ್ಲಾಸ್ಟಿಂಗ್‌ನ ಉದ್ದೇಶ, ಆ ಎಸೆತಕ್ಕೊಂದು ದಿಕ್ಕಿದೆ, ಅದೂ ಎಸ್ ಅಲೆ ಕೊಡುತ್ತದೆ. ನಾನು ನೋಡುವ ಕ್ವಾರಿ ದಾಖಲೆಗಳಲ್ಲಿ ಎಸ್ ಕಾಣದೇ ಇರುವುದೇ ಅಪರೂಪ. ಹಾಗಾಗಿ ಎಸ್ ಇದೆಯಾ ಇಲ್ಲವಾ ಅನ್ನುವುದು ಪ್ರಶ್ನೆಯೇ ಅಲ್ಲ. ಪಿಗೆ ಹೋಲಿಸಿದರೆ ಅದು ಎಷ್ಟು ದೊಡ್ಡದು, ಅದೂ ಯಾವ ಫ್ರೀಕ್ವೆನ್ಸಿಯಲ್ಲಿ ಅನ್ನುವುದು ಪ್ರಶ್ನೆ.

ಪಿ ಮತ್ತು ಎಸ್ ಅಲೆಗಳ ಅನುಪಾತ ಈ ಕೆಲಸದಲ್ಲಿ ನಮ್ಮ ಮುಖ್ಯ ಆಯುಧ. ಕಡಿಮೆ ಫ್ರೀಕ್ವೆನ್ಸಿಯಲ್ಲಿ, ಒಂದೆರಡು ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಒಂದೆರಡು ಅಲುಗಾಟ), ಸ್ಫೋಟಕ್ಕೂ ಭೂಕಂಪಕ್ಕೂ ಈ ಅನುಪಾತ ಒಂದರೊಳಗೊಂದು ಬೆರೆತುಹೋಗುತ್ತದೆ. 6 ಹರ್ಟ್ಜ್ ದಾಟಿದ ಮೇಲೆ ಸಾಮಾನ್ಯವಾಗಿ ಬೇರೆಯಾಗುತ್ತಾ ಹೋಗುತ್ತದೆ: ಸ್ಫೋಟದಲ್ಲಿ ಪಿ ದೊಡ್ಡದು, ಭೂಕಂಪದಲ್ಲಿ ಎಸ್ ದೊಡ್ಡದು. 'ಸಾಮಾನ್ಯವಾಗಿ' ಅಂತ ಬೇಕೆಂದೇ ಬರೆದೆ. ನೂರಾರು ಕಿ.ಮೀ. ದೂರದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ನಿಮ್ಮ 60 ಕಿ.ಮೀ.ನಂಥ ಹತ್ತಿರದ ದೂರದಲ್ಲಿ ಒಂದೊಂದು ಸ್ಟೇಷನ್ ಒಂದೊಂದು ಥರ ಹೇಳುತ್ತದೆ, ಆದ್ದರಿಂದ ನಾವು ಹಲವು ಸ್ಟೇಷನ್‌ಗಳ ಸರಾಸರಿ ತೆಗೆದುಕೊಳ್ಳುತ್ತೇವೆ. ದಾರಿಯಲ್ಲಿರುವ ಮೆತ್ತನೆಯ ಮಣ್ಣು, ಬಿರುಕು ಬಿಟ್ಟ ಬಂಡೆ ಎಸ್ ಅಲೆಯನ್ನು ಹೀರಿಕೊಂಡರೆ ಭೂಕಂಪವೂ ಸ್ಫೋಟದ ಹಾಗೆ ಕಾಣಬಹುದು.

ಹಾಗಾಗಿಯೇ ಹೋಲಿಕೆ ಬೇಕು ಅನ್ನುವುದು. ಅದೇ ಸ್ಟೇಷನ್, ಅದೇ ದಾರಿ, ಹತ್ತಿರ ಹತ್ತಿರ ಅದೇ ಗಾತ್ರ. ಆಗ ದಾರಿಯ ಪ್ರಭಾವ ಎರಡೂ ದಾಖಲೆಗಳಲ್ಲಿ ಒಂದೇ ಆಗಿರುತ್ತದೆ, ಉಳಿಯುವುದು ಮೂಲದ ವ್ಯತ್ಯಾಸ ಮಾತ್ರ.

ನಿಮ್ಮ ದಾಖಲೆ ನನ್ನ ಮುಂದೆ ಇದ್ದಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಗಡಿಯಾರ. ಪಟ್ಟಿಯ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿರುತ್ತದೆ, ಅದನ್ನು ನಿಮ್ಮ ಸಮಯಕ್ಕೆ ತಂದು 11.40ಕ್ಕೆ ಹೊಂದುತ್ತದಾ ನೋಡಬೇಕು. ನೀವು ಅನುಭವಿಸಿದ್ದೂ ಪಟ್ಟಿಯಲ್ಲಿರುವುದೂ ಬೇರೆ ಬೇರೆ ಘಟನೆ ಆಗಿದ್ದ ಪ್ರಕರಣಗಳು ಬೇಕಾದಷ್ಟಿವೆ. ಆಮೇಲೆ ಪಿ ಮತ್ತು ಎಸ್ ನಡುವಿನ ಅಂತರ. ಗಟ್ಟಿ ಬಂಡೆಯಲ್ಲಿ ಪಿ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಸುಮಾರು 3.5 ಕಿ.ಮೀ. ಓಡುತ್ತವೆ, ಹಾಗಾಗಿ ಅಂತರದ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ದೂರದ ಅಂದಾಜು ಸಿಗುತ್ತದೆ. ಕ್ವಾರಿಯಿಂದ ಆ ಸ್ಟೇಷನ್ನಿಗೆ 60 ಕಿ.ಮೀ. ಇದ್ದರೆ ಅಂತರ 7 ಸೆಕೆಂಡಿನ ಆಸುಪಾಸು ಇರಬೇಕು. ನಿಮ್ಮ ದಾಖಲೆಯಲ್ಲಿ ಅದು 4 ಸೆಕೆಂಡೋ 11 ಸೆಕೆಂಡೋ ಇದ್ದರೆ ಕ್ವಾರಿಯನ್ನು ಬಿಟ್ಟುಬಿಡಿ. 7 ಇದ್ದರೆ ಕ್ವಾರಿಯೇ ಅಂತಲ್ಲ, ಕ್ವಾರಿ ಆಗಬಹುದು ಅಂತ ಅಷ್ಟೇ.

ಮುಂದೆ ಅದೇ ದಾಖಲೆಗೆ ಅರ್ಧದಿಂದ 2 ಹರ್ಟ್ಜ್ ಫಿಲ್ಟರ್ ಹಾಕಿ, ಲಂಬ ಚಲನೆಯ ಗೆರೆಯಲ್ಲಿ ಎಸ್ ಆದ ಮೇಲೆ ಏನು ಬರುತ್ತದೆ ನೋಡುತ್ತಿದ್ದೆ. ನೆಲದ ಮೇಲ್ಪದರದಲ್ಲೇ ಹುಟ್ಟಿದ ನಡುಕ, ಎಸ್ ಬಂದು ಸ್ವಲ್ಪ ಹೊತ್ತಿನ ಮೇಲೆ, ಉದ್ದುದ್ದ ಏರಿಳಿತಗಳ ಒಂದು ದಪ್ಪ ಗುಂಪನ್ನು ಕಳಿಸುತ್ತದೆ. ಇದಕ್ಕೆ ಆರ್‌ಜಿ ಅಲೆ ಅಂತ ಹೆಸರು. ಮೂಲ ಮೂರ್ನಾಲ್ಕು ಕಿ.ಮೀ.ಗಿಂತ ಆಳ ಹೋದರೆ ಇದು ಸೊರಗಿಹೋಗುತ್ತದೆ. ಆ ದೂರದಲ್ಲಿ ದಪ್ಪನೆಯ ಆರ್‌ಜಿ ಕಂಡರೆ 10 ಕಿ.ಮೀ. ಆಳ ಅನ್ನುವುದನ್ನು ನಾನು ನಂಬುವುದಿಲ್ಲ. ಹಾಗಂತ ಮೇಲ್ಪದರದ ಭೂಕಂಪಗಳೂ ಇವೆ, ಆರ್‌ಜಿ ಹೇಳುವುದು ಆಳ ಕಡಿಮೆ ಅನ್ನುವುದನ್ನು ಮಾತ್ರ.

ಕ್ವಾರಿಯದ್ದೇ ಗುರುತು ಬೇಕಾದರೆ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಹೊತ್ತಿನಲ್ಲಿ ಯಾವ ಫ್ರೀಕ್ವೆನ್ಸಿಗೆ ಎಷ್ಟು ಶಕ್ತಿ ಇತ್ತು ಅಂತ ತೋರಿಸುವ ಚಿತ್ರ, ನೋಡಬೇಕು. ಕ್ವಾರಿಯಲ್ಲಿ ಮದ್ದು ತುಂಬಿದ ಎಲ್ಲ ಕುಳಿಗಳನ್ನೂ ಒಟ್ಟಿಗೆ ಸಿಡಿಸುವುದಿಲ್ಲ. ಡಿಲೇ ಡಿಟೊನೇಟರ್ ಹಾಕಿ ಒಂದಾದ ಮೇಲೊಂದು, ಕೆಲವು ಹತ್ತು ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಸುತ್ತಾರೆ. ಬಂಡೆ ಚೆನ್ನಾಗಿ ಒಡೆಯುತ್ತದೆ, ಸುತ್ತಲಿನವರಿಗೆ ಕಂಪನವೂ ಕಡಿಮೆ. ಈ ಸಾಲು ಸ್ಫೋಟ ದಾಖಲೆಯಲ್ಲಿ ಅಚ್ಚು ಬಿಡುತ್ತದೆ. ಕುಳಿಗಳ ನಡುವೆ 50 ಮಿಲಿಸೆಕೆಂಡ್ ಇದ್ದರೆ 20 ಹರ್ಟ್ಜ್ ಹತ್ತಿರ ಶಕ್ತಿ ಏರುತ್ತದೆ, ಇಡೀ ಸಾಲು ಸಿಡಿಯಲು ಅರ್ಧ ಸೆಕೆಂಡ್ ಹಿಡಿದರೆ ಪ್ರತಿ 2 ಹರ್ಟ್ಜ್‌ಗೊಂದು ತಗ್ಗು ಬೀಳುತ್ತದೆ. ಸ್ಪೆಕ್ಟ್ರೋಗ್ರಾಮ್‌ನಲ್ಲಿ ಇದು ಅಡ್ಡಪಟ್ಟೆಗಳಾಗಿ ಕಾಣುತ್ತದೆ. ಮುಖ್ಯವಾದದ್ದು ಏನೆಂದರೆ ಆ ಪಟ್ಟೆಗಳು ಪಿ ಅಲೆಯಿಂದ ಶುರುವಾಗಿ ಎಸ್ ದಾಟಿ ಬಾಲದವರೆಗೂ ಅದೇ ಫ್ರೀಕ್ವೆನ್ಸಿಯಲ್ಲಿ ನಿಂತಿರುತ್ತವೆ. ಭೂಕಂಪದಲ್ಲಿ ಹೀಗೆ ನಿಲ್ಲುವ ಪಟ್ಟೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಪಟ್ಟೆ ಕಾಣದಿದ್ದರೆ ಕ್ವಾರಿ ಅಲ್ಲ ಅಂತ ತೀರ್ಮಾನಿಸಬೇಡಿ: ಡಿಲೇ ಹೆಚ್ಚುಕಡಿಮೆ ಆಗಿದ್ದರೆ, ಸ್ಟೇಷನ್ ಸೆಕೆಂಡಿಗೆ 40 ಸಲ ಮಾತ್ರ ಅಳೆಯುತ್ತಿದ್ದರೆ, ಪಟ್ಟೆ ಅಳಿಸಿಹೋಗುತ್ತದೆ. ಇದೇ ಸಾಲು ಸ್ಫೋಟದ ಕಾರಣಕ್ಕೆ ಮೊದಲ ಅಲೆಯೂ ಮಂದವಾಗಿ ಶುರುವಾಗುತ್ತದೆ, ಏಕೆಂದರೆ ಮೊದಲು ಸಿಡಿಯುವುದು ಒಂದೇ ಕುಳಿ.

ಇನ್ನು ಗುಟ್ಟಿನ ಬಾಂಬ್ ಪರೀಕ್ಷೆಯ ಸುದ್ದಿ. ಇದನ್ನು ಸುಮ್ನೆ ತಳ್ಳಿಹಾಕುವುದಕ್ಕಿಂತ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಈ ವಿದ್ಯೆ ಬೆಳೆದದ್ದೇ ಅದಕ್ಕಾಗಿ. 1957ರ ಸೆಪ್ಟೆಂಬರ್ 19ರಂದು ಅಮೆರಿಕ ನೆವಾಡದಲ್ಲಿ ರೈನಿಯರ್ ಅನ್ನುವ 1.7 ಕಿಲೋಟನ್ನಿನ ಪರೀಕ್ಷೆಯನ್ನು ಪೂರ್ತಿ ನೆಲದೊಳಗೆ ಮಾಡಿತು. ಮುಂದಿನ ವರ್ಷವೇ ಜಿನೀವಾದಲ್ಲಿ ತಜ್ಞರು ಕೂತು, ಇಂಥದ್ದನ್ನು ಭೂಕಂಪದಿಂದ ಬೇರೆ ಮಾಡಿ ಗುರುತಿಸಲು ಆಗುತ್ತದಾ ಅಂತ ಚರ್ಚೆ ಮಾಡಿದರು. ಆಮೇಲೆ ಸಿಕ್ಕ ಒಳ್ಳೆಯ ಉಪಾಯ ಎರಡು ಮ್ಯಾಗ್ನಿಟ್ಯೂಡ್‌ಗಳ ಹೋಲಿಕೆ: ಒಂದು ಸೆಕೆಂಡಿನ ಆಸುಪಾಸಿನ ಪಿ ಅಲೆಯಿಂದ ಅಳೆದ ಎಂಬಿ, 20 ಸೆಕೆಂಡಿನ ಮೇಲ್ಮೈ ಅಲೆಯಿಂದ ಅಳೆದ ಎಂಎಸ್. ಎಂಬಿ ಒಂದೇ ಇದ್ದರೂ ಸ್ಫೋಟದ ಎಂಎಸ್ ಭೂಕಂಪದ್ದಕ್ಕಿಂತ ಸಾಕಷ್ಟು ಕಡಿಮೆ. ಆದರೆ 2.4ರ ನಡುಕಕ್ಕೆ 20 ಸೆಕೆಂಡಿನ ಮೇಲ್ಮೈ ಅಲೆ ಅಳೆಯುವಷ್ಟು ಬರುವುದೇ ಇಲ್ಲ, ಹಾಗಾಗಿ ನಿಮಗೆ ಇದು ಉಪಯೋಗಕ್ಕಿಲ್ಲ.

ಗಾತ್ರ ನೋಡಿ. ಗಟ್ಟಿ ಬಂಡೆಯೊಳಗೆ ಬಿಗಿಯಾಗಿ ಹೂತ ಒಂದು ಕಿಲೋಟನ್, ಅಂದರೆ ಸಾವಿರ ಟನ್ ಟಿಎನ್‌ಟಿಗೆ ಸಮನಾದ ಸ್ಫೋಟ, ಮ್ಯಾಗ್ನಿಟ್ಯೂಡ್ 4ಕ್ಕಿಂತ ಮೇಲೆ ಹೋಗುತ್ತದೆ. ದೊಡ್ಡ ಟೊಳ್ಳು ಮಾಡಿ ಅದರೊಳಗೆ ಸಿಡಿಸಿದರೆ ಅಲೆ ತುಂಬಾ ಕುಗ್ಗುತ್ತದೆ ಅನ್ನುವುದೂ ನಿಜ, 1966ರಲ್ಲಿ ಮಿಸಿಸಿಪ್ಪಿಯ ಉಪ್ಪಿನ ಪದರದಲ್ಲಿ ಮಾಡಿದ ಸ್ಟರ್ಲಿಂಗ್ ಪರೀಕ್ಷೆಯಲ್ಲಿ ಸುಮಾರು 70 ಪಟ್ಟು ಕುಗ್ಗಿತ್ತು. ಆದರೆ ಅಂಥ ಟೊಳ್ಳು ಅಲ್ಲಿ ಸಿಕ್ಕಿದ್ದು 1964ರಲ್ಲಿ ಅದೇ ಜಾಗದಲ್ಲಿ ಮಾಡಿದ ಇನ್ನೂ ದೊಡ್ಡ ಪರಮಾಣು ಸ್ಫೋಟದಿಂದ. ಹಾಡುಹಗಲಲ್ಲಿ, ಬ್ಲಾಸ್ಟಿಂಗ್ ನಡೆಯುವ ಕ್ವಾರಿಯ ಪಕ್ಕ ಕೆಲಸದ ಹೊತ್ತಿನಲ್ಲಿ ಬಂದ 2.4ರ ನಡುಕಕ್ಕೆ ಅಷ್ಟು ದೂರ ಹೋಗಿ ಕಾರಣ ಹುಡುಕುವ ಅಗತ್ಯ ಇಲ್ಲ. ದೊಡ್ಡ ಕ್ವಾರಿಗಳ ಬ್ಲಾಸ್ಟಿಂಗ್ 2 ದಾಟುವುದು ಹೊಸದೇನಲ್ಲ.

ಅವಸರಕ್ಕೆ ಬಿದ್ದರೆ ದೊಡ್ಡವರೂ ತಪ್ಪುತ್ತಾರೆ. 1997ರ ಆಗಸ್ಟ್ 16ರಂದು ರಷ್ಯಾದ ನೋವಾಯಾ ಝೆಮ್ಲ್ಯಾ ಪರೀಕ್ಷಾ ತಾಣದ ಕಡೆಯಿಂದ ಸುಮಾರು 3.5ರ ನಡುಕ ಬಂತು, ಅಮೆರಿಕದ ಅಧಿಕಾರಿಗಳು ಪರಮಾಣು ಪರೀಕ್ಷೆ ಇರಬೇಕು ಅಂತ ಶಂಕಿಸಿದರು. ನಿಧಾನವಾಗಿ ನೋಡಿದಾಗ ಅದು ಹುಟ್ಟಿದ್ದು ತಾಣದಿಂದ ನೂರು ಕಿ.ಮೀ.ಗಿಂತ ದೂರ, ಕಾರಾ ಸಮುದ್ರದ ಕೆಳಗೆ. ಕೆಲವು ಗಂಟೆಗಳ ನಂತರ ಅಲ್ಲೇ ಸಣ್ಣ ಮರುನಡುಕವೂ ಬಂದಿತ್ತು. ಹಳೆಯ ಪರೀಕ್ಷೆಗಳ ದಾಖಲೆಗಳ ಪಕ್ಕ ಇಟ್ಟು ಪಿ-ಎಸ್ ಅನುಪಾತ ನೋಡಿದರೆ ಭೂಕಂಪದ ಕಡೆಗೇ ವಾಲುತ್ತಿತ್ತು. ಉತ್ತರ ಕೊರಿಯಾದಲ್ಲಿ 2017ರ ಸೆಪ್ಟೆಂಬರ್ 3ರ ಪರೀಕ್ಷೆ 6.3 ತೋರಿಸಿತು, ಎಂಟೊಂಬತ್ತು ನಿಮಿಷದಲ್ಲಿ ಅಲ್ಲೇ 4.1ರ ಇನ್ನೊಂದು ನಡುಕ, ಅದು ನೆಲ ಕುಸಿದದ್ದು. ಸೆಪ್ಟೆಂಬರ್ 23ರಂದು ಅದೇ ಪ್ರದೇಶದಲ್ಲಿ 3.5ರ ಆಸುಪಾಸಿನದ್ದು ಬಂದಾಗ ಚೀನಾದ ಭೂಕಂಪ ಇಲಾಖೆ ಮೊದಲು ಸ್ಫೋಟ ಇರಬಹುದು ಅಂದಿತು, ಆಮೇಲೆ ಸಹಜ ಭೂಕಂಪ ಅಂತ ತಿದ್ದಿಕೊಂಡಿತು.

ಕುಸಿತದ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು, ನಿಮ್ಮ ಮುಂದಿರುವುದು ಎರಡೇ ಆಯ್ಕೆ ಅಲ್ಲ. 2007ರ ಆಗಸ್ಟ್ 6ರಂದು ಅಮೆರಿಕದ ಯೂಟಾದ ಕ್ರ್ಯಾಂಡಲ್ ಕ್ಯಾನ್ಯನ್ ಕಲ್ಲಿದ್ದಲು ಗಣಿಯ ಹತ್ತಿರ 3.9ರ ನಡುಕ ದಾಖಲಾಯಿತು. ಭೂಕಂಪ ಬಂದು ಗಣಿ ಕುಸಿಯಿತು ಅನ್ನುವ ವಾದ ಎದ್ದಿತು. ದಾಖಲೆಗಳಲ್ಲಿ ಮೊದಲ ಚಲನೆ ಎಲ್ಲೆಡೆ ಕೆಳಕ್ಕೆ ಇತ್ತು, ಅಂದರೆ ನಡುಕವೇ ಕುಸಿತ. ನಿಮ್ಮ ಕಡೆ ನೆಲದೊಳಗಿನ ಗಣಿ ಇದ್ದರೆ ಇದೂ ಲೆಕ್ಕದಲ್ಲಿರಲಿ.

ಹಾಗಾದರೆ ನೀವೇನು ಮಾಡಬಹುದು? ಎಲ್ಲಕ್ಕಿಂತ ಸುಲಭ, ಪಟ್ಟಿ ಪ್ರಕಟಿಸುವ ಸಂಸ್ಥೆಗೆ ಬರೆಯಿರಿ. ನಡುಕದ ಸಮಯ, ಕ್ವಾರಿ ಇರುವ ಜಾಗ ಕೊಟ್ಟು, ಇದರ ಬಗೆ ಮರುಪರಿಶೀಲಿಸಿ ಅಂತ ಕೇಳಿ. ಸಣ್ಣ ನಡುಕಗಳನ್ನು ಯಂತ್ರವೇ ಪಟ್ಟಿಗೆ ಸೇರಿಸಿರುತ್ತದೆ, ಮನುಷ್ಯರು ನೋಡಿದಾಗ 'ಕ್ವಾರಿ ಬ್ಲಾಸ್ಟ್' ಅಂತ ಬದಲಾಗುವುದು ಸಾಮಾನ್ಯ. ಉತ್ತರ ತಡವಾಗಬಹುದು. ಅಷ್ಟರೊಳಗೆ ಕ್ವಾರಿಯವರ ಹತ್ತಿರ ಬ್ಲಾಸ್ಟಿಂಗ್ ನಡೆದ ದಿನ ಮತ್ತು ಹೊತ್ತು ಕೇಳಿ ನೋಡಿ. ಆರೋಪ ಮಾಡುವ ಧಾಟಿಯಲ್ಲಿ ಹೋದರೆ ಕೊಡುವುದಿಲ್ಲ. ಆ ಹೊತ್ತುಗಳು ಸಿಕ್ಕರೆ ಅದೇ ಸ್ಟೇಷನ್ನಿನಿಂದ ಅವುಗಳ ದಾಖಲೆ ಇಳಿಸಿಕೊಂಡು ನಿಮ್ಮದರ ಪಕ್ಕ ಇಡಿ. ಆಬ್ಸ್‌ಪೈ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೆ ಸಾಕು. ಒಂದೇ ಅಚ್ಚಿನಿಂದ ಬಂದವುಗಳಂತೆ ಎರಡೂ ಗೆರೆಗಳು ಏರಿಳಿದರೆ ನಿಮ್ಮ ಉತ್ತರ ಸಿಕ್ಕಿತು.

ಯಂತ್ರಕಲಿಕೆಯ ಮಾದರಿಗಳಿಗೆ ದಾಖಲೆ ಕೊಟ್ಟು 'ಸ್ಫೋಟ, 97 ಪರ್ಸೆಂಟ್' ಅಂತ ಉತ್ತರ ಪಡೆಯುವುದು ಈಗ ಸುಲಭ. ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಕಲಿತ ಪ್ರದೇಶದಲ್ಲಿ. ಬೇರೆ ಬಂಡೆ, ಬೇರೆ ಕ್ವಾರಿ ಪದ್ಧತಿ ಇರುವ ಕಡೆ ಅದೇ ಮಾದರಿ ಅಷ್ಟೇ ಧೈರ್ಯದಿಂದ ತಪ್ಪು ಹೇಳುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಸ್ವಂತಕ್ಕೆ ರಾಸ್ಪ್‌ಬೆರಿ ಶೇಕ್‌ನಂಥ ಸಣ್ಣ ಸೆನ್ಸರ್ ಕೊಳ್ಳಬಹುದು, ಗಾಳಿಯ ಒತ್ತಡವನ್ನೂ ಅಳೆಯುವ ಬಗೆಯದ್ದಾದರೆ ಇನ್ನೂ ಒಳ್ಳೆಯದು. ಮನೆಯೊಳಗಿನ ಓಡಾಟ, ಪಂಪು, ವಾಷಿಂಗ್ ಮಷಿನ್ ಎಲ್ಲವೂ ಅದರಲ್ಲಿ ಬರುತ್ತದೆ ಅನ್ನುವುದಕ್ಕೆ ಸಿದ್ಧರಾಗಿ. ಗೋಡೆ ಬಿರುಕಿನ ದೂರು ನಿಮ್ಮ ಮನಸ್ಸಿನಲ್ಲಿದ್ದರೆ ಅದು ಬೇರೆಯದೇ ಲೆಕ್ಕ. ಅಲ್ಲಿ ಬೇಕಾದದ್ದು ನಿಮ್ಮ ಅಡಿಪಾಯದ ಹತ್ತಿರ ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಅನ್ನುವ ಅಳತೆ, ಮ್ಯಾಗ್ನಿಟ್ಯೂಡ್ ಅದನ್ನು ಹೇಳುವುದಿಲ್ಲ.

ಹೆದರಬೇಕಾ ಅಂತ ಕೇಳಿದ್ದೀರಿ. ಇದು ಭೂಕಂಪವೇ ಆಗಿದ್ದರೂ ಒಂದು 2.4ರಿಂದ ಮುಂದೆ ದೊಡ್ಡದು ಬರುತ್ತದೆ ಅಂತ ಯಾರೂ ಹೇಳಲಾರರು. ಅಂಥವು ಜಗತ್ತಿನಲ್ಲಿ ದಿನವೂ ಆಗುತ್ತವೆ, ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ.

ಕಡೆಗೆ, ನಿಮ್ಮ ಕಿಟಕಿ ಗಾಜಿನ ಬಗ್ಗೆ ಒಂದು ಪ್ರಶ್ನೆ. ಅದು ಸದ್ದು ಮಾಡಿದ್ದು ನೆಲ ನಡುಗಿದಾಗಲೇನಾ, ಅಥವಾ ಅರ್ಧ ನಿಮಿಷ ಬಿಟ್ಟಾ? ನೆಲದ ಅಲೆ 9 ಕಿ.ಮೀ.ಯನ್ನು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತದೆ. ಗಾಳಿಯಲ್ಲಿ ಬರುವ ಸದ್ದಿಗೆ ಸುಮಾರು 26 ಸೆಕೆಂಡ್ ಬೇಕು. ಮೊದಲು ನಡುಕ, ಸುಮಾರು 25 ಸೆಕೆಂಡಿನ ನಂತರ ಗಾಜು ಅಲುಗಾಡಿದ್ದರೆ ಕ್ವಾರಿಯ ಕಡೆಗೆ ಅದು ದೊಡ್ಡ ಸಾಕ್ಷಿ. ಸದ್ದು ಬರಲೇ ಇಲ್ಲ ಅಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಗಾಳಿ ಎದುರಾಗಿದ್ದರೆ ಅಥವಾ ನಡುವೆ ಗುಡ್ಡ ಇದ್ದರೆ ಸದ್ದು ನಿಮ್ಮವರೆಗೆ ಬರುವುದಿಲ್ಲ. ಮುಂದಿನ ಸಲ ನಡುಗಿದ ತಕ್ಷಣ ಗಡಿಯಾರ ನೋಡಿ ಒಂದು ನಿಮಿಷ ಕಿವಿಗೊಟ್ಟು ನಿಲ್ಲಿ, ಎರಡೂ ಸಮಯ ಬರೆದಿಟ್ಟುಕೊಂಡು ದಾಖಲೆಯ ಜೊತೆ ಕಳಿಸಿ.